ಸೇವಂತಿಗೆಗೆ ಬಲ್ಬು, ಅವರೆಗೆ ಕತ್ತಲು

ರಾತ್ರಿ ಹತ್ತರ ಮೇಲೆ ನಮ್ಮೂರ ದಾರೀಲಿ ಹೋಗೋರು ಬೈಕ್ ನಿಲ್ಸಿ ಕೇಳ್ತಾರೆ, "ಏನಣ್ಣ, ತೋಟದಲ್ಲಿ ಮದುವೆನಾ?" ಅಂತ. ಮದುವೆ ಅಲ್ಲ ಸ್ನೇಹಿತರೆ, ಸೇವಂತಿಗೆ. ತೆಂಗು ಒಣಗಿ ಖಾಲಿಯಾದ ಹತ್ತು ಗುಂಟೆ ಜಾಗದಲ್ಲಿ ತಂತಿ ಎಳೆದು ಬಲ್ಬು ಕಟ್ಟಿದೀನಿ. ಗಿಡಕ್ಕೆ ರಾತ್ರಿ ಹೊತ್ತು ಬೆಳಕು ಯಾಕೆ ಅಂದ್ರೆ ಒಂದು ಮಾತಲ್ಲಿ ಹೇಳೋಕಾಗಲ್ಲ. ಅದರ ಹಿಂದೆ ನೂರು ವರ್ಷಕ್ಕೂ ಮೀರಿದ ಕಥೆ ಇದೆ.

ಮೊದಲು ನಾನು ಕೈ ಸುಟ್ಟುಕೊಂಡಿದ್ದು ಹೇಳ್ತೀನಿ. ಮೂರು ವರ್ಷದ ಹಿಂದೆ ದಸರಾ ಕಳೆದ ಮೇಲೆ ಸೇವಂತಿಗೆ ನಾಟಿ ಮಾಡಿದೆ. ಎಲ್ಲರ ಹೂವು ಮುಗಿದ ಮೇಲೆ ಬಂದ್ರೆ ಮಾಘ ಮಾಸದ ಮದುವೆಗಳಿಗೆ ಒಳ್ಳೆ ರೇಟು ಸಿಗುತ್ತೆ ಅನ್ನೋ ಲೆಕ್ಕ. ತಿಂಗಳು ಕಳೆಯೋದರೊಳಗೆ ಗೇಣುದ್ದದ ಗಿಡ ಮೊಗ್ಗು ಕಟ್ಟಿಬಿಡ್ತು. ಕವಲು ಇಲ್ಲ, ಎತ್ತರ ಇಲ್ಲ, ನೆತ್ತಿ ಮೇಲೆ ನಾಲ್ಕು ಹೂವು. ಗೊಬ್ಬರ ಕಮ್ಮಿ ಆಯ್ತು ಅಂದ್ಕೊಂಡು ಇನ್ನೂ ಸುರಿದೆ. ಕೈಸಾಲದ ದುಡ್ಡೆಲ್ಲಾ ಅಲ್ಲೇ ಹೋಯ್ತು. ಚಿಕ್ಕಬಳ್ಳಾಪುರದ ಕಡೆ ಇರೋ ನಮ್ಮ ಭಾವ ಬಂದು ನೋಡಿ, "ಗೊಬ್ಬರ ಅಲ್ಲ ಕಣೋ, ಲೈಟ್ ಹಾಕ್ಬೇಕಿತ್ತು" ಅಂದ್ರು. ನಾನು ನಕ್ಕೆ.

ನಗಬಾರದಿತ್ತು. ಯಾಕಂದ್ರೆ ಈ ವಿಷಯ ನಮ್ಮ ಮನೆಯಲ್ಲೇ ಗೊತ್ತಿತ್ತು. ನಾಟಿ ಅವರೆಯನ್ನ ರಾಗಿ ಜೊತೆ ಆಷಾಢದಲ್ಲಿ ಅಕ್ಕಡಿ ಹಾಕಿ, ಇಲ್ಲಾ ಶ್ರಾವಣದಲ್ಲಿ ಹಾಕಿ, ಹೂವು ಬರೋದು ಮಾತ್ರ ಚಳಿ ಶುರುವಾಗೋ ಹೊತ್ತಿಗೇ. ಬೇಸಿಗೆಯಲ್ಲಿ ಹಾಕಿದ್ರೆ ಬಳ್ಳಿ ಬೇಲಿ ಎಲ್ಲಾ ಹಬ್ಬುತ್ತೆ, ಕಾಯಿ ಕಾಣಲ್ಲ. "ಅವರೆಗೆ ಅದರ ಕಾಲ ಗೊತ್ತು" ಅಂತ ಅವ್ವ ಅಷ್ಟಕ್ಕೇ ಬಿಡ್ತಿದ್ಲು. ಹೇಗೆ ಗೊತ್ತು ಅಂತ ನಾನೂ ಕೇಳಲಿಲ್ಲ.

ಅದನ್ನ ಕೇಳಿದವನು ಫ್ರಾನ್ಸಿನ ಜೂಲಿಯನ್ ಟೂರ್ನ್ವಾ. ಅವನಿಗೆ ದಾರಿ ತೋರಿಸಿದ್ದು ಭಂಗಿ ಗಿಡ, ನಾವು ಗಾಂಜಾ ಅನ್ನೋದೇ. ಗಾಬರಿ ಬೇಡ, ಅಲ್ಲಿ ಅದನ್ನ ನಾರಿಗೆ ಬೆಳೀತಿದ್ರು, ನಾವು ಸೆಣಬು ಬೆಳೆದಂಗೆ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಬೆಳೆದರೆ ಹತ್ತು ವರ್ಷದ ತನಕ ಜೈಲು. ಆ ಕಾಯ್ದೆಯೂ ಗಾಂಜಾ ಅಂತ ಹೇಳೋದು ಗಿಡದ ಹೂತುದಿಯನ್ನೇ, ಬರೀ ಎಲೆಯನ್ನಲ್ಲ. ಅಂತೂ ಆ ಗಿಡದಲ್ಲಿ ಎಲ್ಲಾ ನಿಂತಿರೋದು ಹೂವಿನ ಮೇಲೆ.

ಟೂರ್ನ್ವಾ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಭಂಗಿ ಬೀಜ, ಅದರ ದಾಯಾದಿ ಹಾಪ್ಸ್ ಬಳ್ಳಿಯ ಬೀಜ ಹಾಕಿದ್ದ. ಆಳೆತ್ತರ ಬೆಳೆಯೋ ಗಿಡ ಸಸಿಯಾಗಿದ್ದಾಗಲೇ ಹೂ ಬಿಟ್ಟವು. ನನ್ನ ಗೇಣುದ್ದದ ಸೇವಂತಿಗೆ ಥರಾನೇ! 1912ರಿಂದ ಇದರ ಬಗ್ಗೆ ಬರೆದ. ದಿನ ಚಿಕ್ಕದಾಗಿದ್ದಕ್ಕಿಂತ ರಾತ್ರಿ ಉದ್ದ ಆಗಿದ್ದೇ ಕಾರಣ ಅಂತ 1914ರಲ್ಲಿ ತೀರ್ಮಾನಕ್ಕೆ ಬಂದ. ಆಮೇಲೆ ಮೊದಲ ಮಹಾಯುದ್ಧಕ್ಕೆ ಹೋಗಿ ಸತ್ತ. ಅವನು ಬದುಕಿದ್ದಿದ್ರೆ ಈ ಕಥೆ ಇಪ್ಪತ್ತು ವರ್ಷ ಮೊದಲೇ ಮುಗೀತಿತ್ತೇನೋ.

ಹೆಸರು ಬಂದಿದ್ದು ಅಮೆರಿಕದ ಗಾರ್ನರ್, ಅಲ್ಲಾರ್ಡ್ ಅನ್ನೋ ಇಬ್ಬರಿಗೆ. ಅವರ ಹತ್ತಿರ ಮೇರಿಲ್ಯಾಂಡ್ ಮ್ಯಾಮತ್ ಅನ್ನೋ ಹೊಗೆಸೊಪ್ಪಿನ ತಳಿ ಇತ್ತು. ಬೇಸಿಗೆಯಲ್ಲಿ ಹತ್ತು ಅಡಿ ಮೀರಿ ಬೆಳೆದರೂ ಹೂವಿಲ್ಲ, ಬೀಜ ಇಲ್ಲ. ಚಳಿಗಾಲದಲ್ಲಿ ಗಾಜಿನ ಮನೆಗೆ ತಂದಿಟ್ಟರೆ ಹೂ ಬಿಡ್ತು. ಅವರ ಸೋಯಾ ಅವರೆಯದ್ದೂ ಅದೇ ಹಟ, ಬೇರೆ ಬೇರೆ ವಾರ ಬಿತ್ತಿದರೂ ಎಲ್ಲಾ ಸೆಪ್ಟೆಂಬರ್‌ಗೇ ಹೂವು. 1918ರ ಜುಲೈನಲ್ಲಿ ಕತ್ತಲೆ ಗೂಡು ಮಾಡಿ, ಮಧ್ಯಾಹ್ನದ ಮೇಲೆ ಕುಂಡಗಳನ್ನ ಒಳಗೆ ತಳ್ಳಿ, ಬೆಳಿಗ್ಗೆ ಆಚೆಗೆ ತೆಗೆದರು. ನಡು ಬೇಸಿಗೆಯಲ್ಲೇ ಹೂ ಬಂತು. 1920ರಲ್ಲಿ ಅಚ್ಚಾಯ್ತು.

ಅವರು ಅಳೆದಿದ್ದು ಹಗಲು. ಗಿಡ ಅಳೆಯೋದು ಇರುಳು ಅಂತ ಗಟ್ಟಿಯಾಗಿದ್ದು 1938ರಲ್ಲಿ, ಹ್ಯಾಮ್ನರ್ ಮತ್ತು ಬಾನರ್ ಅನ್ನೋರಿಂದ. ಅವರ ಗಿಡ ಯಾವುದು ಗೊತ್ತಾ? ಕುರಿ ಉಣ್ಣೆಗೆ, ಪಂಚೆ ಅಂಚಿಗೆ ಅಂಟ್ಕೊಳ್ಳೋ ಮುಳ್ಳುಕಾಯಿಯ ಕಳೆ ಗಿಡ, ನಮ್ಮ ಕೆರೆ ಅಂಗಳದಲ್ಲೂ ಇದೆ. ಒಂದೇ ಒಂದು ಉದ್ದದ ರಾತ್ರಿ ಸಿಕ್ಕರೆ ಸಾಕು, ಅದು ಹೂವಿಗೆ ತಿರುಗುತ್ತೆ. ಅದೇ ರಾತ್ರಿಯ ನಡುವೆ ಒಂದು ನಿಮಿಷ ದೀಪ ಹಾಕಿದ್ರೆ ಹೂವು ಇಲ್ಲ. ಹಗಲಲ್ಲಿ ಸ್ವಲ್ಪ ಹೊತ್ತು ಕತ್ತಲೆ ಮಾಡಿದ್ರೆ ಏನೂ ಆಗಲ್ಲ. ಎಲೆಯಲ್ಲಿ ಕೆಂಪು ಬೆಳಕು ಗುರುತಿಸೋ ಒಂದು ಬಣ್ಣದ ಪದಾರ್ಥ ಇದೆ ಅಂತ 1959ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ತೋರಿಸಿದರು. ಫೈಟೋಕ್ರೋಮ್ ಅಂತಾರೆ.

ಈಗ ನಮ್ಮೂರಿಗೆ ಬನ್ನಿ. ಪ್ಯಾರಿಸ್‌ನಲ್ಲಿ ಬೇಸಿಗೆ ಹಗಲು 16 ಗಂಟೆ. ನಮ್ಮ ತಿಪಟೂರು ಸೀಮೆಯಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟಲ್ಲ, ಡಿಸೆಂಬರ್‌ನಲ್ಲಿ ಹನ್ನೊಂದೂ ಕಾಲರ ಆಸುಪಾಸು. ಸೇವಂತಿಗೆ ಹಗಲು ಹದಿಮೂರೂವರೆ ದಾಟಿದ್ರೆ ಮಾತ್ರ ಹೂವು ತಡೆದು ಬೆಳೆಯೋದು. ಅಂದ್ರೆ ನಮ್ಮಲ್ಲಿ ಅದಕ್ಕೆ ವರ್ಷಪೂರ್ತಿ ಹೂವಿನ ಕಾಲವೇ, ದಸರಾ ಮೇಲೆ ನೆಟ್ಟರಂತೂ ಕೇಳೋದೇ ಬೇಡ. ಅದಕ್ಕೇ ರಾತ್ರಿ 10ರಿಂದ 2ರ ತನಕ ಬಲ್ಬು. ಹತ್ತು ಅಡಿಗೊಂದು, 9 ವ್ಯಾಟಿನವು, ನೂರಾಹತ್ತು ಬಲ್ಬು, ರಾತ್ರಿಗೆ ನಾಲ್ಕು ಯೂನಿಟ್. ಕರೆಂಟಿಗೆ ಬೇರೆ ಮೀಟರ್ ಹಾಕಿಸ್ಕೊಳ್ಳಿ, ಪಂಪ್‌ಸೆಟ್ ಲೈನಿಂದ ಎಳೆಯೋಕೆ ಹೋಗ್ಬೇಡಿ. ಮೊಣಕಾಲೆತ್ತರ ಬಂದು ಕವಲು ಒಡೆದ ಮೇಲೆ ಆರಿಸಿದ್ರೆ ಮೊಗ್ಗಿಗೆ ತಿರುಗುತ್ತೆ. ಡ್ರ್ಯಾಗನ್ ಹಣ್ಣಿನೋರು ಬಲ್ಬು ಹಾಕೋದು ಹೂವು ಬರ್ಲಿ ಅಂತ, ಅದರ ಬುದ್ಧಿ ತಿರುವುಮುರುವು. ಎರಡನ್ನೂ ಒಂದೇ ಅಂದ್ಕೋಬೇಡಿ.

ಹೋದ ವರ್ಷ 38 ರಾತ್ರಿ ಉರಿಸಿದೆ. ನಡುವೆ ನಾಲ್ಕು ರಾತ್ರಿ ಕರೆಂಟು ಕೈಕೊಟ್ಟು ಒಂದಷ್ಟು ಗಿಡ ಮುಂಚೆನೇ ಮೊಗ್ಗಾದವು. ಉಳಿದಿದ್ದು ಜನವರಿ ಕೊನೆಗೆ ಬಂತು. ಸಾಲ ತೀರ್ತು.

ಆದ್ರೆ ಸಂಕ್ರಾಂತಿ ದಿನ ಅವ್ವ ಮೊರ ತಗೊಂಡು ಬದುವಿಗೆ ಹೋದೋಳು ಖಾಲಿ ಮೊರದಲ್ಲಿ ಬಂದ್ಲು. ಬಲ್ಬಿನ ಪಕ್ಕದ ಎರಡು ಸಾಲು ಅವರೆ ಆಗಷ್ಟೇ ಹೂ ಬಿಡ್ತಿತ್ತು. ಆ ಕಡೆ ಬದುವಿಂದು ಮಾತ್ರ ಕಾಯಿ ತುಂಬಿ ಸೊಗಡು ಹೊಡೀತಿತ್ತು. "ಸೇವಂತಿಗೆಗೆ ದೀಪ ಹಚ್ಚಿ ಅವರೆ ನಿದ್ದೆ ಕೆಡಿಸ್ದಲ್ಲೋ" ಅಂದ್ಲು. ನಾಲ್ಕು ದೇಶದ ಕಥೆ ಓದಿದ್ದ ನನಗೆ ಆ ಎರಡು ಸಾಲು ಕಣ್ಣಿಗೆ ಬಿದ್ದಿರಲಿಲ್ಲ.

ಹೆಬ್ಬಾಳ ಅವರೆ ಹಾಕು ಅಂತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕೊಟ್ಟ ಆ ತಳಿಗಳಿಗೆ ಹಗಲಿರುಳಿನ ಲೆಕ್ಕ ಇಲ್ಲ, ಯಾವಾಗ ಹಾಕಿದ್ರೂ ಕಾಯಿ. ಮಾರೋಕೆ ಒಳ್ಳೇದು. ಮನೆ ಸಾರಿಗೆ ನಮ್ಮ ನಾಟಿದೇ ಆಗ್ಬೇಕು, ಇದು ನನ್ನ ನಾಲಿಗೆಯ ಮಾತು.

ಈ ಸಲ ಬದುವಿನ ಕಡೆ ಬಲ್ಬುಗಳಿಗೆ ಎಣ್ಣೆ ಡಬ್ಬ ಸೀಳಿ ತಗಡಿನ ಮರೆ ಕಟ್ಟಿದೀನಿ. ಅವ್ವ ದಿನಾ ಬೆಳಿಗ್ಗೆ ಹೋಗಿ ಅವರೆ ಕುಡಿ ಎತ್ತಿ ಎತ್ತಿ ನೋಡಿ ಬರ್ತಾಳೆ.