ಗಾದೆಯ ನಾಯಿ, ವೀರಗಲ್ಲಿನ ನಾಯಿ

ನಮ್ಮ ಮಾತಿನಲ್ಲಿ ನಾಯಿಗೆ ದೊರೆತಷ್ಟು ಅಪಕೀರ್ತಿ ಇನ್ನಾವ ಸಾಕುಪ್ರಾಣಿಗೂ ದೊರೆತಿರಲಾರದು. ತಿದ್ದಿಕೊಳ್ಳದವನನ್ನು ಕಂಡರೆ ನಾಯಿಬಾಲದ ನೆನಪು. ಕಷ್ಟದ ಬದುಕಿಗೆ 'ನಾಯಿಪಾಡು' ಎಂಬ ಹೆಸರು. ಅಯೋಗ್ಯನಿಗೆ ಪದವಿ ಬಂದರೆ ಸಿಂಹಾಸನದ ಮೇಲೆ ಕೂರಿಸಿದ ನಾಯಿಯ ಮಾತು. ನಮ್ಮ ಗಾದೆಗಳನ್ನಷ್ಟೇ ಕೇಳಿದ ಪರಸ್ಥಳದವನು ಕನ್ನಡಿಗರಿಗೂ ನಾಯಿಗೂ ಹುಟ್ಟುಹಗೆಯೆಂದೇ ತಿಳಿದಾನು. ಆದರೆ ಗಾದೆಯನ್ನು ಬದಿಗಿಟ್ಟು ಕಲ್ಲನ್ನು ಓದಿದರೆ ಬೇರೆಯೇ ಕಥೆ ಸಿಗುತ್ತದೆ.

ಸುಳ್ಯದಿಂದ ಸಂಪಾಜೆಯ ಕಡೆಗೆ ಪ್ರಯಾಣ ಮಾಡಿದವರು ಅರಂತೋಡಿನ ಆಸುಪಾಸನ್ನು ಕಂಡಿರಬಹುದು. ಅಲ್ಲಿ ಪಟ್ಟಣದಂತೆ ಮನೆಗೆ ಮನೆ ತಾಗಿಕೊಂಡಿಲ್ಲ. ಅಡಿಕೆ ತೋಟದ ನಡುವೆ ಒಂಟಿ ಮನೆ. ತೋಟದ ಬೆನ್ನಿಗೇ ಕಾಡು. ಇಂಥ ಕಡೆ ನಾಯಿಯೆಂಬುದು ಶೋಕಿಯ ವಸ್ತುವಲ್ಲ. ಹಗಲು ಮಂಗಗಳನ್ನು ಅಟ್ಟುವುದು, ಇರುಳು ಕಾಡುಹಂದಿ ಬಂದರೆ ಬೊಗಳಿ ತಿಳಿಸುವುದು ಅದರ ಉದ್ಯೋಗ. ನಾಯಿಯನ್ನು ಜಗಲಿ ಹತ್ತಗೊಡದ ಹಿರಿಯರು ಕೂಡ, ಅದು ಬೊಗಳುವ ಧಾಟಿ ಕೇಳಿಯೇ ಅಂಗಳಕ್ಕೆ ಬಂದದ್ದು ನೆಂಟನೋ ಹಂದಿಯೋ ಎಂದು ಹೇಳಬಲ್ಲರು. ನಾಯಿಯನ್ನು ಒಲ್ಲದವರು ನಾಯಿಯ ಭಾಷೆ ಕಲಿತದ್ದು ಹೇಗೆ? ಮುದ್ದಿನಿಂದಲ್ಲ, ಒಂದೇ ತೋಟವನ್ನು ಕೂಡಿ ಕಾದದ್ದರಿಂದ.

ಈ ಮಾತಿಗೆ ಸಾವಿರ ವರ್ಷದ ಸಾಕ್ಷಿಯೊಂದು ನಮ್ಮ ನಾಡಿನಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನವು ಕ್ರಿ.ಶ. 949–50ಕ್ಕೆ ಸೇರಿದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಒಂದಾಗಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಕಾಲ ಅದು. ಆ ಯುದ್ಧದಲ್ಲಿ ಮಣಲೆರನೆಂಬ ಯೋಧ ಮೆರೆದ. ಒಡೆಯ ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದ. ಓದುಗರೇ, ನೀವಾದರೆ ಏನು ಬೇಡುತ್ತಿದ್ದಿರಿ? ಊರನ್ನೋ, ಹೊನ್ನನ್ನೋ? ಮಣಲೆರ ಬೇಡಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು!

ಮುಂದೆ ಬೆಳತೂರಿನ ಗುಡ್ಡದ ಬಳಿ ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿಯಾಗಿ ಬಿಟ್ಟ. ಅಲ್ಲಿನ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುವುದೆಂದೂ ಬರೆಸಿದ. ಹಂದಿಯೊಡನೆ ಸೆಣಸುವ ನಾಯಿಯ ಚಿತ್ರ ಹೊತ್ತ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಗಾದೆ ಕಟ್ಟಿದವರು ನಾಯಿಯನ್ನು ಬೀದಿಯಲ್ಲಿ ಕಂಡಿದ್ದರು. ಈ ಕಲ್ಲು ನಿಲ್ಲಿಸಿದವನು ಅದನ್ನು ಕೆಲಸದಲ್ಲಿ ಕಂಡಿದ್ದ.

ನಾಯಿಯನ್ನು ಕಂಡರಾಗದವರ ಮನಸ್ಸು ಕೆಲಸದಿಂದ ತಿರುಗುವ ಬಗೆ ಸರಳವಾದುದು. ಹೇವರಿಕೆಯ ಬೇರಿನಲ್ಲಿ ಬಹಳಮಟ್ಟಿಗೆ ಹೆದರಿಕೆಯಿದೆ; ಈ ಪ್ರಾಣಿ ಮುಂದಿನ ಗಳಿಗೆಯಲ್ಲಿ ಏನು ಮಾಡೀತೋ ಎಂಬ ಹೆದರಿಕೆ. ಸೇನೆ, ಪೊಲೀಸು, ಅರಣ್ಯ ಇಲಾಖೆಗಳಲ್ಲಿ ನಾಯಿಯನ್ನು ನಡೆಸಲು ಗೊತ್ತಾದ ಮನುಷ್ಯನಿರುತ್ತಾನೆ. ಅದಕ್ಕೆ ಊಟವಿಕ್ಕುವುದು, ಮೈ ಉಜ್ಜುವುದು, ಅಪ್ಪಣೆ ಕಲಿಸುವುದು ಎಲ್ಲ ಆತನದೇ ಕೆಲಸ. ನಿಮಿರಿದ ಕಿವಿ, ಸೆಟೆದ ಬಾಲ, ಎದ್ದ ಬೆನ್ನಿನ ರೋಮ ಇವುಗಳ ಅರ್ಥ ಆತನಿಗೆ ದಿನದಿನಕ್ಕೂ ತಿಳಿಯುತ್ತ ಹೋಗುತ್ತದೆ. ಅರ್ಥ ತಿಳಿದ ಮೇಲೆ ಹೆದರಿಕೆಗೆ ಎಡೆಯೆಲ್ಲಿ?

ನಮ್ಮ ಬೇಟೆನಾಯಿಯ ಪರಂಪರೆ ಮುಧೋಳದಲ್ಲಿ ಉಳಿದುಬಂತು. ಅಲ್ಲಿನ ಅರಸ ಮಾಲೋಜಿರಾವ್ ಘೋರ್ಪಡೆಯವರು ಆ ತಳಿಯನ್ನು ಪೋಷಿಸಿದರು. 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿ ಹೊರಟಿತು. 2016ರಲ್ಲಿ ಮುಧೋಳದ ಮರಿಗಳು ಸೇನೆಯ ತರಬೇತಿಗಾಗಿ ಮೀರತ್‌ಗೆ ಹೋದವು. 2020ರ ಆಗಸ್ಟ್ 30ರಂದು ಪ್ರಧಾನಿಯವರು ತಮ್ಮ ರೇಡಿಯೋ ಭಾಷಣದಲ್ಲಿ ಈ ತಳಿಯ ಹೆಸರೆತ್ತಿದುದನ್ನು ತಮ್ಮಲ್ಲಿ ಹಲವರು ಕೇಳಿರಬಹುದು. 2023ರ ಸೆಪ್ಟೆಂಬರಿನಲ್ಲಿ ಜಮ್ಮು ಸೀಮೆಯ ರಾಜೌರಿಯಲ್ಲಿ ಸೇನೆಯ 'ಕೆಂಟ್' ಎಂಬ ಲ್ಯಾಬ್ರಡಾರ್ ಹೆಣ್ಣುನಾಯಿ ತನ್ನನ್ನು ನಡೆಸುವ ಯೋಧನನ್ನು ಕಾಯುತ್ತ ಗುಂಡಿಗೆ ಬಲಿಯಾಯಿತು. ಅದಕ್ಕೂ ಗೌರವದ ಅಂತ್ಯಸಂಸ್ಕಾರ ನಡೆಯಿತು. ಆತಕೂರಿನ ಕಾಳಿಗೆ ಇದು ದೂರದ ನೆಂಟಸ್ತಿಕೆಯಲ್ಲವೆ?

ಹಾಗೆಂದು ನಾಯಿಯ ಭಯವೆಲ್ಲ ಸುಳ್ಳೆಂದು ಯಾರೂ ಹೇಳಲಾರರು. ಹುಚ್ಚುನಾಯಿಯ ಕಡಿತಕ್ಕೆ ಪಾಶ್ಚರ್ ಮದ್ದು ಕಂಡದ್ದು 1885ರಲ್ಲಿ; ದಕ್ಷಿಣ ಭಾರತಕ್ಕೆಂದು ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಸ್ಥಾಪನೆಯಾದದ್ದು 1907ರಲ್ಲಿ. ರೋಗ ತಲೆದೋರಿದ ಮೇಲೆ ಬದುಕುವುದು ಇಂದಿಗೂ ಇಲ್ಲವೆನ್ನುವಷ್ಟು ಅಪರೂಪ. ಆದುದರಿಂದ ಕಚ್ಚಿದೊಡನೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಸಾಕಿದ ನಾಯಿಗೂ ವರ್ಷ ವರ್ಷ ಲಸಿಕೆ ಹಾಕಿಸಬೇಕು.

ಬೀದಿನಾಯಿಗಳ ವ್ಯಾಜ್ಯ 2025ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದೇಶದ ಕಣ್ಣು ಸೆಳೆಯಿತು. ಒಂದು ಕಡೆ ಕೇವಲ ಮುದ್ದು, ಇನ್ನೊಂದು ಕಡೆ ಕೇವಲ ದ್ವೇಷ. ಇವೆರಡರ ನಡುವೆ ಮಣಲೆರನ ದಾರಿಯೂ ಒಂದಿದೆ: ನಾಯಿಗೆ ಕೆಲಸ ಕೊಟ್ಟು, ಅನ್ನವಿಕ್ಕಿ, ಅದರ ಹೊಣೆ ಹೊರುವ ದಾರಿ. ಅರಂತೋಡಿನ ತೋಟದ ಮನೆಗಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಟ್ಟಣದಲ್ಲಿರುವ ನಾವು ಕಲಿಯಬೇಕಾಗಿದೆ.