ಕಂಪನಿಗಳು ನೆಟ್ಟ ಮರಗಳು: ಕುಸನೂರಿನಿಂದ ವಾಲ್ಪಾರೈವರೆಗೆ

ಕಳೆದ ಮಳೆಗಾಲದ ಮೊದಲ ಜುಮಾ ಮುಗಿದ ಮೇಲೆ ನಮ್ಮ ಊರಿನ ನಾಲ್ವರು ವ್ಯಾಪಾರಿಗಳು ಮಸೀದಿಯ ಹೊರಜಗಲಿಯಲ್ಲಿ ನಮಗಾಗಿ ಕಾದಿದ್ದರು. ಖಬರಸ್ತಾನದ ಸುತ್ತ ಮತ್ತು ಅದಕ್ಕೆ ಹೊಂದಿದ ಪಾಳು ಜಾಗದಲ್ಲಿ ಐದುನೂರು ಸಸಿ ನೆಡಿಸುವ ಇಚ್ಛೆ ಅವರದು. ಹಕ್ಕಿಗಳು ಬರಲಿ, ನೆರಳಾಗಲಿ, ಖರ್ಚೆಲ್ಲ ನಮ್ಮದು ಎಂದರು. ಪ್ರತಿ ಸಾಲಿನ ಕೊನೆಗೆ ಅಂಗಡಿಯ ಹೆಸರಿನ ಒಂದು ಫಲಕ ಇರಬೇಕು, ಮುಂದಿನ ವಾರದ ಬಯಾನಿನಲ್ಲಿ ನಾವು ಮರ ನೆಡುವುದರ ಪುಣ್ಯದ ಬಗ್ಗೆ ನಾಲ್ಕು ಮಾತು ಆಡಬೇಕು, ಇಷ್ಟೇ ಅವರ ಕೋರಿಕೆ. ಸಸಿಗಳ ಪಟ್ಟಿಯನ್ನೂ ತಂದಿದ್ದರು. ಅರ್ಧಕ್ಕರ್ಧ ಕಾನೊಕಾರ್ಪಸ್, ಉಳಿದದ್ದು ಅಕೇಶಿಯಾ ಮತ್ತು ಸಿಲ್ವರ್ ಓಕ್.

"ಲಗೂನ ಬೆಳೀತಾವರಿ ಹಜರತ್, ದನಾನೂ ಮುಟ್ಟೂದಿಲ್ಲ" ಎಂದು ಒಬ್ಬರು ಮೆಚ್ಚಿ ಹೇಳಿದರು.

ಕಂಬಕ್ಕೆ ಒರಗಿ ಕೂತಿದ್ದ ನಮ್ಮ ಜಮಾಅತಿನ ಹಿರಿಯರೊಬ್ಬರು, ಎಲ್ಲರೂ ಚಾಚಾ ಎಂದೇ ಕರೆಯುವವರು, ತಲೆಯೆತ್ತಿದರು. "ದನ ಮುಟ್ಟದ ಗಿಡ ಯಾಕ ಬೇಕಪಾ? ಕುಸನೂರಾಗ ಇದ ಮಾತಿಗೇ ಜಗಳ ಆಗಿತ್ತು."

ನಾಲ್ವರಲ್ಲಿ ಯಾರಿಗೂ ಕುಸನೂರಿನ ವಿಷಯ ಗೊತ್ತಿರಲಿಲ್ಲ. ನಮ್ಮದೇ ಹಾನಗಲ್ಲು ತಾಲೂಕಿನ ಹಳ್ಳಿ ಅದು. ವ್ಯಾಪಾರದ ಹಣದಿಂದ ಮರ ನೆಡುವ ಕೆಲಸಕ್ಕೆ ನಮ್ಮ ನಾಡಿನಲ್ಲೇ ಒಂದು ಇತಿಹಾಸವಿದೆ. ಅದನ್ನು ತಿಳಿಯದೆ ಬಯಾನ್ ಮಾಡುವುದು ನಮಗೆ ಸರಿ ಕಾಣಲಿಲ್ಲ.

ಕಥೆಯನ್ನು ನೀಲಗಿರಿ ಮರದಿಂದಲೇ ಶುರು ಮಾಡಬೇಕು. ಊಟಿಯ ಬೆಟ್ಟಗಳಿಗೆ ಆಸ್ಟ್ರೇಲಿಯಾದ ಈ ಮರ ಬಂದದ್ದು 1843ರಲ್ಲಿ; ನಮ್ಮ ಜನ ಆ ಬೆಟ್ಟದ ಹೆಸರನ್ನೇ ಮರಕ್ಕೂ ಇಟ್ಟರು. ಆದರೆ ಅದಕ್ಕೂ ಅರ್ಧ ಶತಮಾನ ಮೊದಲು, 1790ರ ಸುಮಾರಿಗೆ, ಟಿಪ್ಪು ಸುಲ್ತಾನರು ನಂದಿಬೆಟ್ಟದ ತಮ್ಮ ತೋಟದಲ್ಲಿ ಇದನ್ನು ನೆಡಿಸಿದ್ದರು ಎಂದು ಅರಣ್ಯಶಾಸ್ತ್ರದವರು ಬರೆದಿದ್ದಾರೆ. ದೇಶವಿಡೀ ಹಬ್ಬಿದ 'ಮೈಸೂರು ಗಮ್' ಎಂಬ ತಳಿ ನಂದಿಯ ಆ ಮರಗಳಿಂದಲೇ ಹುಟ್ಟಿದ್ದು. ಸುಲ್ತಾನರ ಹೆಸರು ಬಂದಾಗ ಎದೆಯುಬ್ಬಿಸುವ ನಾವು ಇದನ್ನೂ ನೆನಪಿಡಬೇಕು. ತೋಟಪ್ರಿಯ ದೊರೆಯೊಬ್ಬ ಕುತೂಹಲಕ್ಕೆ ತರಿಸಿದ ಕೆಲವು ಗಿಡಗಳಿಂದ ಕೇಡೇನೂ ಆಗಲಿಲ್ಲ. ಕೇಡಾದದ್ದು, ಆ ಒಂದೇ ಗಿಡವನ್ನು ಮುಂದಿನವರು ಸಾವಿರಾರು ಎಕರೆಯಲ್ಲಿ ಸಾಲುಗಟ್ಟಿ ನೆಟ್ಟಾಗ.

ಹಾಗೆ ನೆಟ್ಟ ಒಂದು ಜಾಗ ನಮ್ಮ ರಾಣೆಬೆನ್ನೂರು. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರ್ ನೆಲವನ್ನು ಕೃಷ್ಣಮೃಗ ಅಭಯಾರಣ್ಯ ಎಂದು ಘೋಷಿಸಿದರು. ಆದರೆ ಅದರ ಬಹುಪಾಲನ್ನು ಅರಣ್ಯ ಇಲಾಖೆ ನೆಡಿಸಿದ ನೀಲಗಿರಿ ಆವರಿಸಿತ್ತು. ಚಿಗರಿ ಬಯಲಿನ ಪ್ರಾಣಿ. ದೂರ ಕಾಣಬೇಕು, ಓಡಲು ಜಾಗ ಬೇಕು, ಮೇಯಲು ಹುಲ್ಲು ಬೇಕು. ರೈತರು ಎರೆಭೂತ ಎನ್ನುತ್ತಿದ್ದ ದೊಡ್ಡ ಬಸ್ಟರ್ಡ್ ಹಕ್ಕಿಗೂ ಹುಲ್ಲುಬಯಲೇ ಮನೆ. ಒಂದು ಕಾಲಕ್ಕೆ ರಾಣೆಬೆನ್ನೂರಿನಲ್ಲಿ ಅದು ಕಾಣಸಿಗುತ್ತಿತ್ತು, ಈಗಿಲ್ಲ. ಚಿಗರಿಗಳು ಹೇಗೋ ಉಳಿದುಕೊಂಡು ರೈತರ ಹೊಲಕ್ಕೆ ಇಳಿದು ಬೈಸಿಕೊಳ್ಳುತ್ತವೆ. ಮರವೆಂದರೆ ಕಾಡು, ಕಾಡೆಂದರೆ ಪ್ರಾಣಿಗೆ ಒಳ್ಳೆಯದು ಎಂದು ನಾವೂ ಬಹಳ ದಿನ ನಂಬಿದ್ದೆವು. ಬಯಲಿನ ಜೀವಿಗೆ ಮರದ ಸಾಲೇ ಗೋಡೆಯಾಗುತ್ತದೆ ಎಂಬುದು ಆ ರಸ್ತೆಯಲ್ಲಿ ಹತ್ತಾರು ಸಲ ಓಡಾಡಿದರೂ ನಮಗೆ ಹೊಳೆದಿರಲಿಲ್ಲ.

ಇನ್ನು ಕುಸನೂರು. 1984ರ ನವೆಂಬರಿನಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ಒಂದು ಪಾಲು ಸರಕಾರದ್ದು, ಇನ್ನೊಂದು ತುಂಗಭದ್ರೆಯ ದಂಡೆಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯದು. ರೇಯಾನ್ ನೂಲಿಗೆ ಬೇಕಾದ ತಿರುಳಿಗಾಗಿ ನೀಲಗಿರಿಯಂಥ ಬೇಗ ಬೆಳೆಯುವ ಮರ ಬೆಳೆಸುವುದು ಅದರ ಕೆಲಸ. ಉತ್ತರದ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಸರಕಾರ ಈ ಕಂಪನಿಗೆ ಬಿಟ್ಟುಕೊಟ್ಟಿತು. ಕಾಗದದಲ್ಲಿ ಅದು ಹಾಳುಬಿದ್ದ ನೆಲ. ಹಳ್ಳಿಯವರಿಗೆ ಅದೇ ಗೋಮಾಳ, ಅದೇ ಸೌದೆ, ಅದೇ ಸೊಪ್ಪು. ಭೂಮಿಯಿಲ್ಲದ ಬಡವನ ಆಡು ಮೇಯುತ್ತಿದ್ದುದೂ ಅಲ್ಲೇ.

ಜನ ಎರಡು ದಾರಿ ಹಿಡಿದರು. ಒಂದು ಕೋರ್ಟಿನ ದಾರಿ. 1986ರ ಕೊನೆಗೆ ಸುಪ್ರೀಂ ಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರಿತ್ತು. ಇನ್ನೊಂದು ನೆಲದ ಮೇಲಿನ ದಾರಿ. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಕರೆಗೆ 1987ರ ನವೆಂಬರ್ 14ರಂದು ಸುಮಾರು ಎರಡು ಸಾವಿರ ಜನ ಕುಸನೂರಿನಲ್ಲಿ ಸೇರಿದರು. ಡೊಳ್ಳು ಬಾರಿಸುತ್ತ ಕಂಪನಿಯ ನೆಲಕ್ಕೆ ನಡೆದು ಸುಮಾರು ನೂರು ನೀಲಗಿರಿ ಸಸಿ ಕಿತ್ತರು. ಕಿತ್ತ ಜಾಗದಲ್ಲಿ ಹಣ್ಣಿನ, ಮೇವಿನ ಗಿಡ ನೆಟ್ಟರು. ನೆಟ್ಟ ಗಿಡಕ್ಕೆ ನೀರು ಹಾಕುವ ಮುಂಚೆಯೇ ಪೊಲೀಸರು ಅವರನ್ನು ಬಂಧಿಸಿದರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು.

ಆ ಹೆಸರಿನ ಎರಡನೆಯ ಪದವನ್ನು ಗಮನಿಸಿ. ಕಿತ್ತು ಹಾಕಿ ಮನೆಗೆ ಹೋಗಿದ್ದರೆ ಅದು ಬರೀ ಪ್ರತಿಭಟನೆ. ಅವರು ಹಚ್ಚಿದರು. ಮರದ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಯಾವ ಮರ, ಯಾರಿಗಾಗಿ ಎಂದು ತಮ್ಮನ್ನು ಕೇಳಲೇ ಇಲ್ಲ ಎಂಬುದು ಅವರ ತಕರಾರು. 1991ರಲ್ಲಿ ಆ ಕಂಪನಿ ಬಾಗಿಲು ಮುಚ್ಚಿತು. 2017ರಲ್ಲಿ ರಾಜ್ಯ ಸರಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಹಾಗಾದರೆ ಕಂಪನಿಗಳಿಂದ ಒಳ್ಳೆಯ ಕಾಡು ಏಳುವುದೇ ಇಲ್ಲವೇ? ಏಳುತ್ತದೆ. ಅದಕ್ಕೆ ಸಾಕ್ಷಿ ಇದೇ ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿದೆ. ಕೊಯಮತ್ತೂರು ಜಿಲ್ಲೆಯ ಆನೈಮಲೈ ಬೆಟ್ಟಗಳ ಮೇಲೆ ವಾಲ್ಪಾರೈ ಎಂಬ ಊರು, ಅದರ ಸುತ್ತ 220 ಚದರ ಕಿಲೋಮೀಟರ್ ಚಹಾ ಮತ್ತು ಕಾಫಿ ತೋಟ. 1890ರ ದಶಕದಿಂದ ಬಿಳಿಯರ ಕಂಪನಿಗಳು ಮಳೆಕಾಡನ್ನು ಕಡಿದು ಮಾಡಿದ ತೋಟಗಳಿವು. ಕಣಿವೆಗಳಲ್ಲಿ, ತೊರೆಗಳ ಬದಿಯಲ್ಲಿ, ಚಹಾ ಬೆಳೆಯಲಾಗದ ಇಳಿಜಾರುಗಳಲ್ಲಿ ಮಾತ್ರ ಕಾಡಿನ ತುಂಡುಗಳು ಉಳಿದವು. ಹಸಿರು ಚಾಪೆಗೆ ಹಾಕಿದ ತೇಪೆಗಳ ಹಾಗೆ. ಆ ತೇಪೆಗಳಲ್ಲೇ ಸಿಂಗಳೀಕ ಬದುಕಬೇಕು, ದಾಸಮಂಗಟ್ಟೆ ಹಣ್ಣು ಹುಡುಕಬೇಕು, ಆನೆ ಹಗಲು ನಿಲ್ಲಬೇಕು.

2000ದ ಸುಮಾರಿಗೆ ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ವಿಜ್ಞಾನಿಗಳಾದ ದಿವ್ಯಾ ಮುದ್ದಪ್ಪ ಮತ್ತು ಟಿ. ಆರ್. ಶಂಕರ್ ರಾಮನ್ ಈ ತುಂಡುಕಾಡುಗಳನ್ನು ಸರಿಪಡಿಸಲು ಹೊರಟರು. ನೆಲ ಸರಕಾರದ್ದಲ್ಲ, ಕಂಪನಿಗಳದ್ದು. ಟಾಟಾ ಕಾಫಿ, ಪ್ಯಾರಿ ಆಗ್ರೋ, ಹಿಂದುಸ್ತಾನ್ ಲೀವರ್ ಬಳಗದ ಚಹಾ ಕಂಪನಿ, ಹೀಗೆ ಒಂದೊಂದರ ಬಾಗಿಲು ತಟ್ಟಿದರು. ಕಂಪನಿಗಳು ಒಪ್ಪಂದಕ್ಕೆ ಸಹಿ ಹಾಕಿದವು. ತಮ್ಮ ತೋಟದೊಳಗಿನ ಕಾಡಿನ ತುಂಡುಗಳನ್ನು ಕಡಿಯುವುದಿಲ್ಲ, ಅಲ್ಲಿ ಕಾಡನ್ನು ಮರಳಿ ಬೆಳೆಸುವುದಕ್ಕೆ ಆಸರೆಯಾಗುತ್ತೇವೆ ಎಂದು. ಪರದೇಶದ ಗಿರಾಕಿಗಳು ಚಹಾಕ್ಕೆ ಪರಿಸರದ ಪ್ರಮಾಣಪತ್ರ ಕೇಳುವ ಕಾಲ ಬರುತ್ತಿತ್ತು. ಅದರ ಲಾಭ ಕಂಪನಿಗಳಿಗೂ ಇತ್ತು ಎಂದರೆ ತಪ್ಪಿಲ್ಲ. ನಿಯ್ಯತ್ತಿನ ಲೆಕ್ಕ ನಮ್ಮದಲ್ಲ, ಅಲ್ಲಾಹನದು.

ಕೆಲಸ ಮಾಡಿದ ಬಗೆಯನ್ನು ಕೇಳಿ. ರಸ್ತೆಯ ಡಾಂಬರಿನ ಮೇಲೆ ಉದುರಿ ವಾಹನಗಳ ಗಾಲಿಗೆ ಸಿಕ್ಕಿ ಹಾಳಾಗಲಿದ್ದ ಕಾಡುಬೀಜಗಳನ್ನು ಆರಿಸಿ ತಂದರು. ನರ್ಸರಿಯಲ್ಲಿ ಚೀಲಗಳಲ್ಲಿ ಸಸಿ ಮಾಡಿ, ಗಟ್ಟಿಯಾಗುವ ತನಕ ಕಾದರು. ನೆಡುವ ಜಾಗದಲ್ಲಿ ಲಂಟಾನದ ಪೊದೆಯನ್ನು ಕೈಯಿಂದ ಕಿತ್ತರು, ಆದರೆ ಅದರಡಿ ತಾನಾಗಿ ಹುಟ್ಟಿದ್ದ ಕಾಡಿನ ಸಸಿಗಳನ್ನು ಮುಟ್ಟಲಿಲ್ಲ. ಮುಂಗಾರು ಹಿಡಿದ ಮೇಲೆ ನೆಟ್ಟರು. ಒಂದೇ ಜಾತಿಯ ಸಾಲಲ್ಲ. ರಾಳಧೂಪ, ರಾಮಪತ್ರೆ, ನೇರಳೆಯ ಬಳಗ, ಹೀಗೆ ಹತ್ತಾರು ಜಾತಿ ಬೆರೆಸಿ ನೆಟ್ಟರು; ಎಲ್ಲವನ್ನೂ ಲೆಕ್ಕ ಹಾಕಿದರೆ ನೂರಕ್ಕೂ ಹೆಚ್ಚು. ಬದಲಿಗೆ ಸಿಲ್ವರ್ ಓಕ್ ಹಾಕಿದ್ದರೆ ಬೇಗ ಎತ್ತರವಾಗುತ್ತಿತ್ತು, ಫೋಟೋಕ್ಕೂ ಚೆನ್ನಾಗಿರುತ್ತಿತ್ತು. ಆದರೆ ಮಂಗಟ್ಟೆ ಸಿಲ್ವರ್ ಓಕಿನಿಂದ ಏನು ತಿನ್ನಬೇಕು? ಅದಕ್ಕೆ ಬೇಕಾದದ್ದು ಅತ್ತಿಯ ಹಣ್ಣು, ರಾಮಪತ್ರೆಯ ಹಣ್ಣು. ತಿಂದ ಹಕ್ಕಿ ಬೀಜವನ್ನು ದೂರ ಒಯ್ದು ಉದುರಿಸುತ್ತದೆ, ಅಲ್ಲಿ ಇನ್ನೊಂದು ಮರ ಏಳುತ್ತದೆ.

ಲೆಕ್ಕವನ್ನೂ ಅವರು ಮುಚ್ಚಿಡಲಿಲ್ಲ. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ನೆಟ್ಟು ಎರಡು ವರ್ಷವಾದಾಗ ಕೆಲವು ಜಾಗಗಳಲ್ಲಿ ಹತ್ತಕ್ಕೆ ಒಂಬತ್ತು ಸಸಿ ಉಳಿದಿದ್ದವು, ಕೆಲವೆಡೆ ಮೂರಕ್ಕೆ ಒಂದು ಮಾತ್ರ. ಪರಿಣತರ ಕೈಯಲ್ಲೇ ಹೀಗಾದರೆ, ಬ್ಯಾನರ್ ಕಟ್ಟಿ ಫೋಟೋ ತೆಗೆಸಿ ಹೊರಟವರ ಸಸಿಗಳ ಗತಿಯನ್ನು ನೀವೇ ಊಹಿಸಿ.

ಇದು ಕಂಪನಿಗಳ ದಾನವೇ ಎಂದು ನಮ್ಮನ್ನು ಕೇಳಿದರೆ ಪೂರ್ತಿ ಹೌದೆನ್ನಲಾರೆವು. ನೂರು ವರ್ಷದ ಹಿಂದೆ ಅದೇ ನೆಲದ ಕಾಡು ಕಡಿದು ಲಾಭ ಮಾಡಿದ ತೋಟಗಳಿವು. ಇಲ್ಲಿರುವುದು ಸದಕಾಕ್ಕಿಂತ ಹೆಚ್ಚಾಗಿ ಹಳೆಯ ಹಕ್ಕು ತೀರಿಸುವ ಮಾತು. ಅದೂ ಒಟ್ಟು ನೆಲದ ಮುಂದೆ ಅಂಗೈಯಗಲ. ಇನ್ನೊಂದು ಚಿಂತೆಯಿದೆ. ನಮ್ಮಲ್ಲಿ ವಕ್ಫ್ ಎಂದರೆ ಒಮ್ಮೆ ಬಿಟ್ಟುಕೊಟ್ಟ ಮೇಲೆ ಮಾರುವಂತಿಲ್ಲ, ಹಿಂಪಡೆಯುವಂತಿಲ್ಲ. ಕಂಪನಿಯ ಒಪ್ಪಂದಕ್ಕೆ ಆ ಗಟ್ಟಿತನವಿಲ್ಲ. ವಾಲ್ಪಾರೈಯಲ್ಲೂ ನಡುವೆ ಒಂದು ಕಂಪನಿಯ ತೋಟಗಳು ಬೇರೆಯವರ ಕೈಗೆ ಹೋದವು. ಪ್ರತಿ ಹೊಸ ಮಾಲೀಕನ ಮುಂದೆ ಅದೇ ಮಾತನ್ನು ಮತ್ತೆ ಮೊದಲಿನಿಂದ ಆಡಬೇಕು. ಆದರೂ ಒಂದು ಸಸಿಯ ದುಡ್ಡಿಗಿಂತ, ಇಲ್ಲಿ ಇನ್ನು ಕೊಡಲಿ ಬೀಳುವುದಿಲ್ಲ ಎಂಬ ಒಂದು ಮಾತು ಎಷ್ಟೋ ಪಾಲು ಬೆಲೆಯುಳ್ಳದ್ದು.

2013ರ ಕಂಪನಿ ಕಾಯಿದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಸರಾಸರಿಯಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಕಾಡು, ಪ್ರಾಣಿಗಳ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಹೀಗಾಗಿ ಸಸಿ ನೆಡಲು ಈಗ ಹಣಕ್ಕೆ ಬರವಿಲ್ಲ. ಆದರೆ ಕಾಯಿದೆ ಖರ್ಚಾದ ರೂಪಾಯಿಯ ಲೆಕ್ಕ ಕೇಳುತ್ತದೆ, ಮೂರನೆಯ ವರ್ಷ ಬದುಕಿರುವ ಸಸಿಯ ಲೆಕ್ಕ ಕೇಳುವುದಿಲ್ಲ.

ಇಷ್ಟನ್ನೂ ನಾವು ಮುಂದಿನ ವಾರ ಆ ನಾಲ್ವರಿಗೆ ಹೇಳಿದೆವು. ಮೊದಲಿಗೆ ಅವರಿಗೆ ಬೇಸರವಾಯಿತು, ಒಬ್ಬರು ಎದ್ದೇ ಹೋದರು. ಉಳಿದ ಮೂವರು ಚಾಚಾನ ಜೊತೆ ಪಾಳು ಜಾಗಕ್ಕೆ ಹೋಗಿ, ಹಿಂದೆ ಇಲ್ಲಿ ಏನಿತ್ತು ಎಂದು ಕೇಳಿದರು. ಒಂದು ಬದಿಗೆ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ, ಹಳ್ಳದ ಕಡೆಗೆ ಹೊಂಗೆ, ಬೇವು, ಅತ್ತಿ, ನೇರಳೆ ಇದ್ದವು ಎಂದು ಅವರು ತೋರಿಸಿದರು. ಹುಲ್ಲಿನ ಬದಿಯನ್ನು ಹಾಗೆಯೇ ಬಿಟ್ಟದ್ದಾಯಿತು. ಹಳ್ಳದ ಬದಿಗೆ ಅರುವತ್ತು ಸಸಿ ಹಾಕಿ, ಉಳಿದ ಹಣದಲ್ಲಿ ಖಬರಸ್ತಾನ ನೋಡಿಕೊಳ್ಳುವವರಿಗೆ ಎರಡು ಬೇಸಿಗೆ ನೀರು ಹಾಕುವ ಸಂಬಳ ಗೊತ್ತುಮಾಡಿದರು. ಫಲಕದ ಮಾತು ಬಂದಾಗ ಚಾಚಾ, "ಎರಡು ವರ್ಷ ಆದ ಮ್ಯಾಲೆ ಎಷ್ಟು ಉಳದಾವ ನೋಡಿ ಬರಸೂಣು" ಎಂದರು. ಮೊನ್ನೆ ರಮಝಾನಿಗೆ ಮುಂಚೆ ಎಣಿಸಿದಾಗ ನಲವತ್ತೊಂದು ಸಸಿ ಹಸಿರಾಗಿದ್ದವು. ಸಿಟ್ಟಾಗಿ ಎದ್ದುಹೋದವರು ಕಳೆದ ಶುಕ್ರವಾರ ಬಂದು, ಒಣಗಿದ ಹತ್ತೊಂಬತ್ತರ ಜಾಗಕ್ಕೆ ಈ ಮಳೆಗೆ ಯಾವ ಸಸಿ ತರಲಿ ಎಂದು ಕೇಳಿ ಹೋದರು.