ಎಂಜಿನ್‌ಗೆ ದಂಡ

ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಡಿಯೋಡ್ಯಾಂಡ್ ಎಂಬ ಕಾನೂನಿತ್ತು. ಗಾಡಿ ಹರಿದೋ ಗೂಳಿ ತಿವಿದೋ ಮನುಷ್ಯ ಸತ್ತರೆ ಆ ಗಾಡಿ, ಆ ಗೂಳಿಯೇ ತಪ್ಪಿತಸ್ಥ. ಸಾವಿನ ವಿಚಾರಣೆಗೆ ಕೂತ ಜ್ಯೂರಿ ಅದಕ್ಕೆ ಬೆಲೆ ಕಟ್ಟುತ್ತಿತ್ತು; ಹಣ ಅರಸನಿಗೆ ಸಲ್ಲಬೇಕು, ಹೆಸರಿಗೆ ಮಾತ್ರ ಧರ್ಮಕಾರ್ಯಕ್ಕೆ. ಸತ್ತವನ ಹೆಂಡತಿ ಮಕ್ಕಳಿಗೆ ಹಕ್ಕಿನಿಂದ ಬಿಡಿಗಾಸೂ ಇಲ್ಲ. ನಿಂತ ಗಾಡಿಯ ಚಕ್ರ ಹತ್ತಲು ಹೋಗಿ ಬಿದ್ದು ಸತ್ತರೆ ಚಕ್ರವಷ್ಟೇ ಮುಟ್ಟುಗೋಲು, ಓಡುವ ಗಾಡಿಯಾದರೆ ಅದರೊಂದಿಗೆ ಚಲಿಸುತ್ತಿದ್ದುದೆಲ್ಲವೂ ಎಂದು 18ನೆಯ ಶತಮಾನದ ಕಾನೂನು ಪಂಡಿತ ಬ್ಲ್ಯಾಕ್‌ಸ್ಟನ್ ಮುಖ ಗಂಟಿಕ್ಕಿಕೊಂಡೇ ವಿವರಿಸುತ್ತಾನೆ.

ಓದಿದರೆ ನಗು ಬರಬೇಕು. ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸುಗಳಲ್ಲೇ ತಲೆ ನರೆತ ತಾಲ್ಲೂಕು ಕೋರ್ಟಿನ ವಕೀಲ ನಾನು; ನಗು ಬರಲಿಲ್ಲ. ನಮ್ಮಲ್ಲಿ ಅಪಘಾತವಾದರೆ ಪೊಲೀಸರು ಲಾರಿ ಹಿಡಿದು ಸ್ಟೇಷನ್ ಮುಂದೆ ನಿಲ್ಲಿಸುತ್ತಾರೆ. ಬ್ರೇಕ್ ಇನ್ಸ್‌ಪೆಕ್ಟರ್ ಬಂದು ನೋಡಿ ಬರೆದುಕೊಡುತ್ತಾನೆ. ಮಾಲೀಕ ಬಾಂಡ್ ಬರೆದುಕೊಟ್ಟು ಬಿಡಿಸಿಕೊಂಡು ಹೋಗುತ್ತಾನೆ. ಡ್ರೈವರ್‌ಗೆ ಜಾಮೀನು ಸಿಕ್ಕಿತೆಂದರೆ ಸತ್ತವರ ಮನೆಯವರು ನಿಟ್ಟುಸಿರಿಟ್ಟು ಸುಮ್ಮನಾಗುತ್ತಾರೆ. ಅದೇ ಲಾರಿ ಅದೇ ರಸ್ತೆಯಲ್ಲಿ ಲೋಡು ಹೊತ್ತು ಹೋಗುವುದನ್ನು ಕಂಡರೆ ಮಾತ್ರ ರಕ್ತ ಕುದಿಯುತ್ತದೆ. ಬಸ್ಸಿಗೆ ಕಲ್ಲು ಹೊಡೆಯುವುದು ಡ್ರೈವರ್ ಕೈಗೆ ಸಿಗಲಿಲ್ಲವೆಂದು ಅನ್ನುವವರಿದ್ದಾರೆ. ಅವನು ಲಾಕಪ್ಪಿನಲ್ಲಿದ್ದಾಗಲೂ ಗಾಜು ಒಡೆದದ್ದನ್ನು ಕಂಡವನಿಗೆ ಆ ಮಾತು ಪೂರ್ತಿ ರುಚಿಸದು.

ರೈಲು ಬರುವ ಹೊತ್ತಿಗೆ ಡಿಯೋಡ್ಯಾಂಡ್ ಸವೆದು ಬರೀ ಶಾಸ್ತ್ರವಾಗಿತ್ತು. ಜ್ಯೂರಿಗಳು ಹೆಸರಿಗಷ್ಟು ಬೆಲೆ ಬರೆದು ಎದ್ದುಹೋಗುತ್ತಿದ್ದರು. 1841ರ ಡಿಸೆಂಬರ್ 24ರ ನಸುಕಿನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಗೂಡ್ಸ್ ಗಾಡಿಯೊಂದು ರೆಡಿಂಗ್ ಹತ್ತಿರದ ಸಾನಿಂಗ್‌ನಲ್ಲಿ, ಹಳಿಗೆಂದು ಗುಡ್ಡ ಕಡಿದು ತೋಡಿದ ಕಂದಕದೊಳಗೆ, ಹಳಿಯ ಮೇಲೆ ಕುಸಿದಿದ್ದ ಮಣ್ಣಿಗೆ ನುಗ್ಗಿತು. ಮೂರನೇ ದರ್ಜೆಯವರನ್ನು ಕೂರಿಸಿದ್ದದ್ದು ಎಂಜಿನ್ ಮತ್ತು ಸರಕಿನ ವ್ಯಾಗನ್‌ಗಳ ನಡುವೆ, ಸೂರಿಲ್ಲದ, ಗಿಡ್ಡ ಪಕ್ಕೆಯ ತೆರೆದ ಗಾಡಿಗಳಲ್ಲಿ. ಹಲವರು ಲಂಡನ್ನಿನ ಹೊಸ ಪಾರ್ಲಿಮೆಂಟ್ ಭವನ ಕಟ್ಟುತ್ತಿದ್ದ ಕಲ್ಲುಕುಟಿಗರು, ಕ್ರಿಸ್‌ಮಸ್‌ಗೆ ಊರಿಗೆ ಹೊರಟವರು. ಎಂಟು ಮಂದಿ ಅಲ್ಲೇ ಸತ್ತರು, ಒಬ್ಬ ಆಮೇಲೆ. ಜ್ಯೂರಿ ಎಂಜಿನ್ ಮತ್ತು ಗಾಡಿಗಳ ಮೇಲೆ 1,000 ಪೌಂಡ್ ದಂಡ ಹೇರಿತು. ಎಂಜಿನ್ ಬುದ್ಧಿ ಕಲಿಯುತ್ತದೆಂದು ಅವರೇನೂ ನಂಬಿರಲಿಲ್ಲ. ಹಳೆಯ ಕತ್ತಿಯ ತುಕ್ಕು ಕೆರೆದು ಕಂಪನಿಯತ್ತ ಬೀಸಿದರು, ಅಷ್ಟೇ.

ಕಂಪನಿಗಳಿಗೆ ದಿಗಿಲಾಯಿತು. 1846ರಲ್ಲಿ ಪಾರ್ಲಿಮೆಂಟ್ ಡಿಯೋಡ್ಯಾಂಡನ್ನು ತೆಗೆದುಹಾಕಿತು. ಅದೇ ವರ್ಷ, ಸತ್ತವರ ಕುಟುಂಬ ಪರಿಹಾರಕ್ಕೆ ದಾವೆ ಹೂಡಬಹುದೆಂದು ಲಾರ್ಡ್ ಕ್ಯಾಂಬೆಲ್‌ನ ಕಾಯ್ದೆ ಬಂತು. ಅದರ ಪಡಿಯಚ್ಚು 1855ರಲ್ಲಿ ಭಾರತಕ್ಕೂ ಬಂತು. ನನ್ನ ಅನ್ನ ಆ ಕಾಯ್ದೆಯ ಸಂತತಿಯಿಂದಲೇ. ಹಾಗಾಗಿ ಅದನ್ನು ಬೈಯುವ ಯೋಗ್ಯತೆ ನನಗಿಲ್ಲ. ಆದರೆ ಹಣ ವಿಧವೆಗೆ ಸಿಗುವಂತಾದಾಗ ಇನ್ನೊಂದು ಕೈತಪ್ಪಿತು: ಊರ ಹತ್ತು ಜನ ಕೂತು, ಇದೇ ಕೊಂದದ್ದು ಎಂದು ಬೆರಳಿಟ್ಟು ತೋರಿಸುವುದು.

ಶಿಕ್ಷೆ ಏಕೆ ಎಂದರೆ ನಾಲ್ಕು ಜನಕ್ಕೆ ಪಾಠವಾಗಲಿ ಎನ್ನುತ್ತೇವೆ. 2002ರಲ್ಲಿ ಕಾರ್ಲ್‌ಸ್ಮಿತ್, ಡಾರ್ಲಿ, ರಾಬಿನ್ಸನ್ ಎಂಬ ಅಮೆರಿಕದ ಮೂವರು ಸಂಶೋಧಕರು ಇದನ್ನು ಪರೀಕ್ಷೆಗಿಟ್ಟರು. ಪಾಠವೇ ಉದ್ದೇಶವಾದರೆ, ಸುಲಭವಾಗಿ ಸಿಕ್ಕಿಬೀಳದ ಅಪರಾಧಕ್ಕೆ ಹೆಚ್ಚು ಶಿಕ್ಷೆ ಕೊಡಬೇಕು. ಶಿಕ್ಷೆ ನೀವೇ ಬರೆಯಿರಿ ಎಂದಾಗ ಜನ ಅತ್ತ ನೋಡಲೇ ಇಲ್ಲ. ಕೃತ್ಯ ಎಷ್ಟು ಘೋರ ಎಂಬುದನ್ನಷ್ಟೇ ತೂಗಿ ಶಿಕ್ಷೆ ಬರೆದರು. ಪಾಠದ ಮಾತು ಬಾಯಲ್ಲಿ, ಲೆಕ್ಕ ತೀರಿಸುವುದು ಮನಸ್ಸಿನಲ್ಲಿ.

ನಮ್ಮ ಕೇಸುಗಳಲ್ಲಿ ದುಡ್ಡು ಕೊಡುವುದು ಇನ್ಶೂರೆನ್ಸ್ ಕಂಪನಿ. ಲಾರಿ ಮಾಲೀಕ ಎಷ್ಟೋ ಸಲ ಕೋರ್ಟಿಗೇ ಬರುವುದಿಲ್ಲ. ಬೈಕಿನಲ್ಲಿದ್ದ ಮಗನನ್ನು ಕಳೆದುಕೊಂಡ ಯಜಮಾನರೊಬ್ಬರು ತೀರ್ಪಿನ ನಕಲು ಬಂದ ದಿನ ಆಫೀಸಿಗೆ ಬಂದರು. ಕೊನೆಯ ಪುಟ ತೆಗೆದು ಮೊತ್ತ ಓದಲು ಹೊರಟೆ. "ಅದಿರ್ಲಿ ಸ್ವಾಮಿ, ತಪ್ಪು ಯಾರ್ದು ಅಂತ ಬರ್ದವ್ರೆ, ಅದನ್ನ ಓದಿ" ಎಂದರು. ಒಂದನೇ ಇಷ್ಯೂಗೆ ಕೊಟ್ಟ ಉತ್ತರ ಓದಿದೆ: ಲಾರಿ ಚಾಲಕನ ಅತಿವೇಗ, ಅಜಾಗರೂಕತೆ, ಬೈಕಿನವನದು ಏನೂ ತಪ್ಪಿಲ್ಲ. ಇನ್ನೊಂದು ಸಲ ಓದಿಸಿ, ಆ ಪ್ಯಾರಾಕ್ಕೆ ಪೆನ್ನಿನಲ್ಲಿ ಗೆರೆ ಎಳೆಸಿಕೊಂಡರು. ಎಷ್ಟು ಬಂತು ಎಂದು ಕೇಳಿದ್ದು ಆಮೇಲೆ, ಅದೂ ಅವರ ಮಗಳು.